ಶಿರಸಿಯ 581401: ಒಂದು ಪಿನ್ ಕೋಡನ್ನು ಪೆನ್ಸಿಲಿನಲ್ಲೇ ಬಿಡಿಸುವ ಬಗೆ

"ಶಿರಸಿಯ ಪಿನ್ ಕೋಡ್ ಅವಿಭಾಜ್ಯ ಸಂಖ್ಯೆಯಾ?" ಶಾಲೆ ಶುರುವಾಗುವ ಜೂನ್ ತಿಂಗಳಲ್ಲಿ ಈ ಪ್ರಶ್ನೆ ತಪ್ಪದೆ ಬರುತ್ತದೆ. ಕೇಳುವವರು ಹೆಚ್ಚಾಗಿ ಹೈಸ್ಕೂಲಿನ ಮಕ್ಕಳು, ಕೆಲವೊಮ್ಮೆ ಅವರ ಅಪ್ಪಂದಿರು. ಹೌದು, ಅಲ್ಲ ಎಂದು ಒಂದೇ ಶಬ್ದದಲ್ಲಿ ಹೇಳಿ ಮುಗಿಸಬಹುದು. ಆದರೆ ಹಾಗೆ ಹೇಳಿದರೆ ಮುಂದಿನ ವರ್ಷ ಯಲ್ಲಾಪುರದವರು ತಮ್ಮ ಪಿನ್ ಹಿಡಿದುಕೊಂಡು ಬರುತ್ತಾರೆ, ಅದರ ಮರುವರ್ಷ ಹೊನ್ನಾವರದವರು. ಅದಕ್ಕೇ ಈ ಸಲ ಉತ್ತರದ ಜೊತೆಗೆ ದಾರಿಯನ್ನೂ ಬರೆಯುತ್ತಿದ್ದೇನೆ. ಮಳೆ ಹೊಡೆಯುತ್ತಿರುವಾಗ, ಕರೆಂಟು ಹೋದಾಗ, ಫೋನಿನಲ್ಲಿ ಚಾರ್ಜ್ ಇಲ್ಲದಾಗಲೂ ನಡೆಯುವ ದಾರಿ ಇದು.

ಮೊದಲು ಎರಡು ಶಬ್ದ. ತನ್ನಿಂದ ಮತ್ತು 1ರಿಂದ ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ, 1ಕ್ಕಿಂತ ದೊಡ್ಡ ಸಂಖ್ಯೆ ಅವಿಭಾಜ್ಯ. ಬೇರೆ ಯಾವುದರಿಂದಾದರೂ ಭಾಗವಾದರೆ ಅದು ಸಂಯುಕ್ತ, ಭಾಗಿಸಿದ ಸಂಖ್ಯೆ ಅದರ ಅಪವರ್ತನ. ಶಬ್ದಕ್ಕಿಂತ ಅಡಿಕೆ ಸುಲಭ. 12 ಅಡಿಕೆಯನ್ನು ಅಂಗಳದಲ್ಲಿ ಮೂರು ಸಾಲು ಮಾಡಿ ಸಾಲಿಗೆ ನಾಲ್ಕರಂತೆ ಚೊಕ್ಕಾಗಿ ಇಡಬಹುದು. 13 ಅಡಿಕೆಗೆ ಆ ಭಾಗ್ಯವಿಲ್ಲ, ಒಂದೇ ಉದ್ದ ಸಾಲು. ನಮ್ಮ ಪ್ರಶ್ನೆ ಇಷ್ಟೇ: ಐದು ಲಕ್ಷ ಎಂಬತ್ತೊಂದು ಸಾವಿರದ ನಾನೂರ ಒಂದು ಅಡಿಕೆಯನ್ನು ಆಯತಾಕಾರವಾಗಿ ಹರವಲು ಸಾಧ್ಯವೇ?

ಪಿನ್ ಕೋಡ್ ಅಳತೆಯಲ್ಲ, ಗುರುತು. 1972ರ ಆಗಸ್ಟ್ 15ರಂದು ಈ ಪದ್ಧತಿ ಬಂತು. ಮೊದಲ ಅಂಕಿ ವಲಯ, ಮೊದಲ ಮೂರು ಸೇರಿ ಟಪಾಲು ವಿಂಗಡಿಸುವ ಜಿಲ್ಲೆ, ಕೊನೆಯ ಮೂರು ಅಂಚೆ ಕಚೇರಿ. ಹಾಗಾಗಿಯೇ ಘಟ್ಟದ ಮೇಲಿನ ಶಿರಸಿಯದೂ ಘಟ್ಟದ ಕೆಳಗಿನ ಕಾರವಾರದ್ದೂ 581ರಿಂದಲೇ ಶುರುವಾಗುವುದು. ಈ ಸಂಗತಿ ಕೊನೆಯ ಹಂತದಲ್ಲಿ ಉಪಯೋಗಕ್ಕೆ ಬರುತ್ತದೆ, ಮರೆಯಬೇಡಿ.

ಬೇಕಾಗುವ ಸಾಮಾನು

ಗೆರೆ ಹಾಕಿದ ಒಂದು ನೋಟ್‌ಬುಕ್, ಪೆನ್ಸಿಲ್, ರಬ್ಬರ್. 20ರವರೆಗಿನ ಮಗ್ಗಿ ಬಾಯಿಗೆ ಬರಬೇಕು. 800ರ ಒಳಗಿನ ಅವಿಭಾಜ್ಯಗಳ ಪಟ್ಟಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಎರಟೋಸ್ತೆನೀಸನ ಜರಡಿಯಿಂದ ನೀವೇ ಮಾಡಿಕೊಳ್ಳಿ: ಸಂಖ್ಯೆಗಳನ್ನು ಸಾಲಾಗಿ ಬರೆದು 2ರ ಮಗ್ಗಿ, 3ರ ಮಗ್ಗಿ, 5ರ ಮಗ್ಗಿ ಎಂದು ಹೊಡೆದುಹಾಕುತ್ತ ಹೋದರೆ ಉಳಿದವು ಅವಿಭಾಜ್ಯ. ಕ್ಯಾಲ್ಕುಲೇಟರ್ ಇರಲಿ, ಆದರೆ ತಾಳೆ ನೋಡಲು ಮಾತ್ರ. ಯಾಕೆಂದು ನಾಲ್ಕನೇ ಹಂತದಲ್ಲಿ ಹೇಳುತ್ತೇನೆ.

ಹಂತ 1: ಎಲ್ಲಿಯವರೆಗೆ ಹುಡುಕಬೇಕು?

ಆಯತಕ್ಕೆ ಒಂದು ಉದ್ದದ ಬದಿ, ಒಂದು ಗಿಡ್ಡ ಬದಿ. ಗಿಡ್ಡ ಬದಿ ವರ್ಗಮೂಲಕ್ಕಿಂತ ದೊಡ್ಡದಾಗಲು ಸಾಧ್ಯವೇ ಇಲ್ಲ, ಎರಡೂ ಬದಿ ವರ್ಗಮೂಲ ಮೀರಿದರೆ ಗುಣಲಬ್ಧ ಸಂಖ್ಯೆಯನ್ನೇ ಮೀರಿಬಿಡುತ್ತದೆ. 762ರ ವರ್ಗ 580644. 763ರ ವರ್ಗ 582169. ನಮ್ಮ ಸಂಖ್ಯೆ ಇವೆರಡರ ನಡುವೆ ಇದೆ. ಆದ್ದರಿಂದ 762ರ ಒಳಗಿನ ಅವಿಭಾಜ್ಯಗಳನ್ನು ಪ್ರಯತ್ನಿಸಿದರೆ ಸಾಕು. ಅವು ಒಟ್ಟು 135, ಕೊನೆಯದು 761.

ಇಲ್ಲಿ ಆಗುವ ತಪ್ಪು ಎಂದರೆ ಬೇಸರ. 7, 11, 13 ನೋಡಿ, 50ರವರೆಗೆ ನೋಡಿ, "ಯಾವುದೂ ಹೋಗ್ತಿಲ್ಲ, ಅವಿಭಾಜ್ಯವೇ ಇರಬೇಕು" ಎಂದು ಪುಸ್ತಕ ಮುಚ್ಚುವವರೇ ಹೆಚ್ಚು. 581401ರ ವಿಷಯದಲ್ಲಿ ಈ ಆತುರ ಹೇಗೆ ಕೈಕೊಡುತ್ತದೆ ನೋಡುವಿರಂತೆ.

ಹಂತ 2: ಕಣ್ಣಿನಲ್ಲೇ ಮುಗಿಯುವ ಪರೀಕ್ಷೆಗಳು

ಕೊನೆಯ ಅಂಕಿ 1. ಅಂದರೆ 2 ಇಲ್ಲ, 5 ಇಲ್ಲ. ಅಂಕಿಗಳ ಮೊತ್ತ 5+8+1+4+0+1 = 19, ಆದ್ದರಿಂದ 3 ಇಲ್ಲ. (ಕಾರವಾರದ 581301ರ ಮೊತ್ತ 18. ಅದು 9ರಿಂದಲೇ ಭಾಗವಾಗುತ್ತದೆ, ಅಲ್ಲಿಗೆ ಅದರ ಕಥೆ ಮುಗಿಯಿತು.)

ಈಗ ಶಿರಸಿಗೆ ಮಾತ್ರ ಸಿಕ್ಕಿರುವ ಒಂದು ಚಂದ. ಕೊನೆಯ ಎರಡು ಅಂಕಿ 01 ಬಿಟ್ಟು ಉಳಿದ 5814ನ್ನು ನೋಡಿ. 17 × 19 = 323. ಅದನ್ನು 18ರಿಂದ ಗುಣಿಸಿ: 5814. ಅಂದರೆ

581401 = 17 × 18 × 19 × 100 + 1

ಮೂರು ಕ್ರಮಾನುಗತ ಸಂಖ್ಯೆಗಳ ಗುಣಲಬ್ಧ, ನೂರು ಪಟ್ಟು, ಮೇಲೊಂದು. 2, 3, 4, 5, 6, 8, 9, 10, 12, 15, 17, 18, 19, 20, 24, 25 ಇವುಗಳಲ್ಲಿ ಯಾವುದರಿಂದ ಭಾಗಿಸಿದರೂ ಉಳಿಯುವುದು ಒಂದೇ ಒಂದು. ಹನ್ನೆರಡರಂತೆ ಕಟ್ಟಿದರೂ, ಇಪ್ಪತ್ತರಂತೆ ಕಟ್ಟಿದರೂ, ಇಪ್ಪತ್ತೈದರಂತೆ ಕಟ್ಟಿದರೂ ಒಂದು ಅಡಿಕೆ ಮಿಕ್ಕುತ್ತದೆ. ಈ ಸಂಖ್ಯೆಯನ್ನು ಅವಿಭಾಜ್ಯ ಎಂದು ಇಷ್ಟೊಂದು ಜನ ನಂಬಿರುವುದಕ್ಕೆ ಇದೇ ಕಾರಣ ಅಂತ ನನ್ನ ಅನಿಸಿಕೆ. ದಿನಬಳಕೆಯ ಯಾವ ಸಂಖ್ಯೆಗೂ ಇದು ಬಗ್ಗುವುದಿಲ್ಲ.

ನಮಗೆ ಲಾಭವೇನೆಂದರೆ 17 ಮತ್ತು 19 ಲೆಕ್ಕ ಮಾಡದೆಯೇ ಹೊರಬಿದ್ದವು.

ಹಂತ 3: 7, 11, 13 ಒಂದೇ ಏಟಿಗೆ

7 × 11 × 13 = 1001. ಆರಂಕಿಯ ಸಂಖ್ಯೆಯನ್ನು ನಡುವೆ ಕತ್ತರಿಸಿ, ಎರಡು ಭಾಗಗಳ ವ್ಯತ್ಯಾಸ ತೆಗೆಯಿರಿ. ಆ ವ್ಯತ್ಯಾಸ 7ರಿಂದ ಭಾಗವಾದರೆ ಇಡೀ ಸಂಖ್ಯೆಯೂ 7ರಿಂದ ಭಾಗವಾಗುತ್ತದೆ. 11, 13ಕ್ಕೂ ಹಾಗೆಯೇ.

ಶಿರಸಿ: 581 − 401 = 180. 7ರ ಮಗ್ಗಿಯಲ್ಲಿಲ್ಲ, 11ರಲ್ಲಿಲ್ಲ, 13ರಲ್ಲಿಲ್ಲ. ಮೂರೂ ಹೋದವು.
ಕಾರವಾರ: 581 − 301 = 280. ಇದು 7 × 40. ಕಾರವಾರಕ್ಕೆ 7 ಇದೆ.
ಕುಮಟಾ: 581 − 343 = 238 = 7 × 34. ಅಲ್ಲೂ 7.
ಹೊನ್ನಾವರ: 581 − 334 = 247 = 13 × 19. ಇಲ್ಲಿ 13 ಇದೆ.

ಎಚ್ಚರಿಕೆ. ಹೊನ್ನಾವರದ ವ್ಯತ್ಯಾಸದಲ್ಲಿ 19 ಕಂಡಿತೆಂದು 581334ಕ್ಕೂ 19 ಅಪವರ್ತನ ಎಂದು ಬರೆದುಬಿಡುವವರಿದ್ದಾರೆ. 1001ರ ಒಳಗೆ 19 ಇಲ್ಲ, ಆದ್ದರಿಂದ ಈ ಉಪಾಯ 19ರ ಬಗ್ಗೆ ಏನನ್ನೂ ಹೇಳುವುದಿಲ್ಲ. ನಿಜಕ್ಕೂ 581334ನ್ನು 19ರಿಂದ ಭಾಗಿಸಿದರೆ 10 ಉಳಿಯುತ್ತದೆ.

37ಕ್ಕೂ ಇಂಥದ್ದೇ ಒಂದು ಉಪಾಯ ಇದೆ: 999 = 27 × 37 ಆದ್ದರಿಂದ ಎರಡು ಭಾಗಗಳನ್ನು ಕಳೆಯುವ ಬದಲು ಕೂಡಬೇಕು. 581 + 401 = 982, 37ರಿಂದ ಭಾಗಿಸಿದರೆ ಶೇಷ 20. ಅದೂ ಹೋಯಿತು.

ಹಂತ 4: ಇನ್ನು ನಿಧಾನದ ಕೆಲಸ

ಇಲ್ಲಿಂದ ಮುಂದೆ ಅಡ್ಡದಾರಿಯಿಲ್ಲ. 23, 29, 31 ಎಂದು ಒಂದೊಂದಾಗಿ ಭಾಗಿಸುತ್ತ ಹೋಗಬೇಕು. ಪುಟದ ಮೇಲೆ ಎರಡು ಕಾಲಂ ಹಾಕಿ: ಎಡಕ್ಕೆ ಅವಿಭಾಜ್ಯ, ಬಲಕ್ಕೆ ಶೇಷ. ಭಾಗಲಬ್ಧ ಬೇಕಾಗಿಲ್ಲ, ಶೇಷ ಮಾತ್ರ ಬರೆದಿಡಿ. ಆರಂಭ ಹೀಗಿರುತ್ತದೆ:

7ಕ್ಕೆ 2, 11ಕ್ಕೆ 7, 13ಕ್ಕೆ 2, 17ಕ್ಕೆ 1, 19ಕ್ಕೆ 1, 23ಕ್ಕೆ 7, 29ಕ್ಕೆ 9, 31ಕ್ಕೆ 27, 37ಕ್ಕೆ 20, 41ಕ್ಕೆ 21, 43ಕ್ಕೆ 41, 47ಕ್ಕೆ 11, 53ಕ್ಕೆ 44, 59ಕ್ಕೆ 15, 61ಕ್ಕೆ 10, 67ಕ್ಕೆ 42.

ಹೀಗೇ ಮುಂದೆ. 149ರಲ್ಲಿ ಶೇಷ 3, ಆಸೆ ಹುಟ್ಟಿಸಿ ಕೈಬಿಡುತ್ತದೆ. 281ಕ್ಕೆ 12, 353ಕ್ಕೆ 10, 383ಕ್ಕೆ 7. ಶೇಷ ಚಿಕ್ಕದಾದರೆ ಗುರಿ ಹತ್ತಿರ ಬಂತು ಎಂದು ಮಕ್ಕಳಿಗೆ ಅನಿಸುತ್ತದೆ. ಹಾಗೇನೂ ಇಲ್ಲ. ಶೇಷ 3 ಆದರೂ 300 ಆದರೂ ಭಾಗವಾಗಲಿಲ್ಲ, ಅಷ್ಟೇ.

ಇಲ್ಲಿ ಮೂರು ಕಡೆ ಕಾಲು ಜಾರುತ್ತದೆ.

ಒಂದು, ಅವಿಭಾಜ್ಯದ ವೇಷ ಹಾಕಿಕೊಂಡ ಸಂಖ್ಯೆಗಳಿಗೆ ಸಮಯ ಕೊಡುವುದು. 91, 221, 247, 299, 391 ನೋಡಲು ಅವಿಭಾಜ್ಯದಂತೆಯೇ ಕಾಣುತ್ತವೆ. 91 ಅಂದರೆ 7 × 13, 391 ಅಂದರೆ 17 × 23. ಚಿಕ್ಕ ಅಪವರ್ತನಗಳನ್ನು ಆಗಲೇ ಹೊರಗೆ ಹಾಕಿದ ಮೇಲೆ ಇವುಗಳಿಂದ ಭಾಗಿಸುವುದು ದಂಡ.

ಎರಡು, ಕ್ಯಾಲ್ಕುಲೇಟರ್. 581401 ÷ 23 ಒತ್ತಿದರೆ 25278.304 ಅಂತ ಬರುತ್ತದೆ. ಶೇಷ ಬೇಕಾದರೆ 25278 ಕಳೆದು, ಉಳಿದ 0.304ನ್ನು 23ರಿಂದ ಗುಣಿಸಬೇಕು. ಬರುವುದು 6.992. ಶೇಷ 7, ದಶಾಂಶ ಪೂರ್ತಿ ಕಾಣದ್ದರಿಂದ 6.99 ಎಂದು ತೋರಿಸುತ್ತಿದೆ. ಇದನ್ನು 6 ಎಂದು ಬರೆದುಕೊಂಡವರನ್ನು ನಾನು ನೋಡಿದ್ದೇನೆ. ಆಮೇಲೆ ಕೊನೆಯ ಹಂತದಲ್ಲಿ ಇಡೀ ಲೆಕ್ಕ ಬುಡಮೇಲಾಗುತ್ತದೆ. 23 × 25278 ಎಷ್ಟು ಎಂದು ನೋಡಿ ಕಳೆಯುವುದೇ ನಂಬಿಕೆಯ ದಾರಿ: 581394, ಶೇಷ 7.

ಮೂರು, ಒಂದು ಸಾಲು ಬಿಟ್ಟುಹೋಗುವುದು. 409, 419, 421 ಹತ್ತಿರ ಹತ್ತಿರ ಇವೆ, ಕಣ್ಣು ತಪ್ಪುವುದು ಇಂಥಲ್ಲೇ. ಈ ಲೆಕ್ಕದಲ್ಲಿ ಅದು ದುಬಾರಿ, ಯಾಕೆಂದರೆ 409ಕ್ಕೆ ಶೇಷ 212, 419ಕ್ಕೆ 248, 421ಕ್ಕೆ ಸೊನ್ನೆ.

421 × 1381 = 421 × 1400 − 421 × 19 = 589400 − 7999 = 581401

ಇಲ್ಲಿಗೆ ಉತ್ತರ ಸಿಕ್ಕಿತು. ಶಿರಸಿಯ ಪಿನ್ ಅವಿಭಾಜ್ಯವಲ್ಲ. 421 ಅವಿಭಾಜ್ಯಗಳ ಸಾಲಿನಲ್ಲಿ 82ನೆಯದು. 81 ಬಾಗಿಲು ತಟ್ಟಿ ವಾಪಸಾದ ಮೇಲೆ ತೆರೆದದ್ದು 82ನೆಯ ಬಾಗಿಲು.

ಕೆಲಸ ಇನ್ನೂ ಅರ್ಧ ಬಾಕಿ. 1381 ಮತ್ತೆ ಒಡೆಯುತ್ತದೆಯೇ ನೋಡಬೇಕು. ಅದರ ವರ್ಗಮೂಲ 37.2ರ ಆಸುಪಾಸು, ಹಾಗಾಗಿ 37ರವರೆಗೆ ನೋಡಿದರೆ ಸಾಕು. ನಿಜ ಹೇಳಬೇಕೆಂದರೆ ಅದೂ ಬೇಡ: 1381ಕ್ಕೆ ಅಷ್ಟು ಚಿಕ್ಕ ಅಪವರ್ತನ ಇದ್ದಿದ್ದರೆ ಅದು 581401ಕ್ಕೂ ಇರುತ್ತಿತ್ತು, ನಾವು ಆಗಲೇ ಹಿಡಿದಿರುತ್ತಿದ್ದೆವು. ಆದ್ದರಿಂದ 421, 1381 ಎರಡೂ ಅವಿಭಾಜ್ಯ. ಇಂಥ ಸಂಖ್ಯೆ, ಅಂದರೆ ಎರಡೇ ಅವಿಭಾಜ್ಯಗಳ ಗುಣಲಬ್ಧವಾದದ್ದು, ಬಿಡಿಸಲು ಎಲ್ಲಕ್ಕಿಂತ ಕಷ್ಟದ ಜಾತಿ. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಕಟ್ಟಿದ ಗುಪ್ತಲಿಪಿ ನಿಂತಿರುವುದು ಈ ಕಷ್ಟದ ಮೇಲೆಯೇ. ಅಲ್ಲಿ ಬಳಸುವ 2048 ಬಿಟ್‌ನ ಸಂಖ್ಯೆಗೆ 617 ಅಂಕಿ, ನಮ್ಮದಕ್ಕೆ ಆರು. ಗುಣಿಸುವುದು ಅರ್ಧ ನಿಮಿಷದ ಕೆಲಸ, ಬಿಡಿಸುವುದು ಒಂದು ಮಧ್ಯಾಹ್ನದ ಕೆಲಸ ಎಂಬುದನ್ನು ನಿಮ್ಮ ಪೆನ್ಸಿಲ್ ಈಗಾಗಲೇ ಕಂಡಿದೆ.

ಹಂತ 5: 82ರ ಬದಲು ಹನ್ನೆರಡೇ ಪ್ರಯತ್ನದಲ್ಲಿ

ನನಗೆ ಈ ಸಂಖ್ಯೆಯ ಮೇಲೆ ಪ್ರೀತಿ ಹುಟ್ಟಿದ್ದು ಈ ಹಂತದಿಂದ. ಅವಸರ ಮಾಡದೆ ಓದಿ.

ಕೆಲವು ಸಂಖ್ಯೆಗಳನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು. 13 = 9 + 4 ಇದ್ದಂತೆ. ಒಂದು ಬೆಸಸಂಖ್ಯೆಯನ್ನು ಹೀಗೆ ಎರಡು ಬೇರೆ ಬೇರೆ ರೀತಿಯಲ್ಲಿ ಬರೆಯಲು ಬಂದರೆ ಅದು ಖಂಡಿತ ಅವಿಭಾಜ್ಯವಲ್ಲ. ಅಷ್ಟೇ ಅಲ್ಲ, ಆ ಎರಡು ರೀತಿಗಳಿಂದಲೇ ಅಪವರ್ತನಗಳನ್ನು ಹೊರತೆಗೆಯಬಹುದು. ಈ ಜಾಣತನ ಹದಿನೆಂಟನೆಯ ಶತಮಾನದ ಆಯ್ಲರ್‌ನದು.

ಹಾಗಾದರೆ 581401ನ್ನು ಎರಡು ವರ್ಗಗಳಾಗಿ ಒಡೆಯೋಣ. ಮೊತ್ತ ಬೆಸ, ಆದ್ದರಿಂದ ಒಂದು ವರ್ಗ ಬೆಸ, ಇನ್ನೊಂದು ಸಮ. ಕಣ್ಣುಮುಚ್ಚಿ ಹುಡುಕುವ ಮೊದಲು ಮೂರು ಸುಳಿವು ತೆಗೆಯೋಣ.

8ರಿಂದ ಭಾಗಿಸಿದರೆ 581401ಕ್ಕೆ ಶೇಷ 1. ಬೆಸಸಂಖ್ಯೆಯ ವರ್ಗಕ್ಕೆ ಯಾವಾಗಲೂ 8ರಲ್ಲಿ ಶೇಷ 1. ಹಾಗಾದರೆ ಸಮಸಂಖ್ಯೆಯ ವರ್ಗ 8ರಿಂದ ಭಾಗವಾಗಲೇಬೇಕು, ಅಂದರೆ ಆ ಸಮಸಂಖ್ಯೆ 4ರ ಮಗ್ಗಿಯಲ್ಲಿದೆ.

3ರಿಂದ ಭಾಗಿಸಿದರೂ ಶೇಷ 1. ವರ್ಗಗಳಿಗೆ 3ರಲ್ಲಿ ಶೇಷ 0 ಅಥವಾ 1 ಮಾತ್ರ. ಆದ್ದರಿಂದ ಎರಡರಲ್ಲಿ ಒಂದು 3ರ ಮಗ್ಗಿಯದು.

5ರಿಂದಲೂ ಶೇಷ 1. ವರ್ಗಗಳಿಗೆ 5ರಲ್ಲಿ ಶೇಷ 0, 1 ಅಥವಾ 4. ಕೂಡಿ 1 ಬರಬೇಕಾದರೆ ಒಂದು 5ರ ಮಗ್ಗಿಯದು ಆಗಲೇಬೇಕು.

ಎರಡನೇ ಹಂತದಲ್ಲಿ ನಮ್ಮನ್ನು ಸತಾಯಿಸಿದ ಆ "ಎಲ್ಲಕ್ಕೂ ಶೇಷ ಒಂದು" ಇಲ್ಲಿ ನಮ್ಮ ಪರವಾಗಿ ಕೆಲಸ ಮಾಡುತ್ತಿದೆ, ಗಮನಿಸಿ.

3ರ ಮತ್ತು 5ರ ಗುಣ ಸಮಸಂಖ್ಯೆಗೇ ಇದೆಯೋ ಬೆಸಕ್ಕೆ ಇದೆಯೋ ಗೊತ್ತಿಲ್ಲ. ಮೊದಲು ಸುಲಭದ ಕಡೆ ನೋಡೋಣ: ಮೂರೂ ಗುಣ ಸಮಸಂಖ್ಯೆಯಲ್ಲೇ ಇದ್ದರೆ ಅದು 4 × 3 × 5 = 60ರ ಮಗ್ಗಿ. 762ರ ಒಳಗೆ 60ರ ಮಗ್ಗಿಯಲ್ಲಿ ಹನ್ನೆರಡೇ ಸಂಖ್ಯೆ. ಇಲ್ಲಿ ಸಿಗದಿದ್ದರೆ ಉಳಿದ ಸಾಧ್ಯತೆಗಳಿಗೆ ಹೋಗಬೇಕಾಗುತ್ತದೆ, ಅದೃಷ್ಟದ ಪಾಲು ಇದೆ.

ಪ್ರತಿಯೊಂದರ ವರ್ಗವನ್ನು ಕಳೆದು, ಉಳಿದದ್ದು ಪೂರ್ಣ ವರ್ಗವೇ ನೋಡಿ. ಉಳಿದದ್ದೆಲ್ಲ 01ರಲ್ಲೇ ಕೊನೆಯಾಗುತ್ತದೆ, ಹಾಗಾಗಿ ಎಲ್ಲವೂ ವರ್ಗದಂತೆಯೇ ಕಾಣುತ್ತವೆ. ಮೋಸಹೋಗಬೇಡಿ. ವರ್ಗ 01ರಲ್ಲಿ ಕೊನೆಯಾಗಬೇಕಾದರೆ ಮೂಲಸಂಖ್ಯೆ 01, 49, 51 ಅಥವಾ 99ರಲ್ಲಿ ಕೊನೆಯಾಗಬೇಕು.

60ಕ್ಕೆ ಉಳಿಯುವುದು 577801. ವರ್ಗಮೂಲ 760ರ ಮೇಲೆ ಚೂರು. ಆಗಲಿಲ್ಲ.
120ಕ್ಕೆ 567001. 753ರ ವರ್ಗ 567009. ಎಂಟೇ ಎಂಟು ಅಡಿಕೆ ಕಡಿಮೆ! ಆದರೆ 53ರಲ್ಲಿ ಕೊನೆಯಾಗುವ ಸಂಖ್ಯೆ ಎಂದೂ ಒಗ್ಗುವುದಿಲ್ಲ.
180ಕ್ಕೆ 549001, ಇಲ್ಲ. 240ಕ್ಕೆ 523801, ಇಲ್ಲ.
300ಕ್ಕೆ 491401. 700ರ ವರ್ಗ 490000, 701ರದು 490000 + 1400 + 1. ಸರಿಯಾಗಿ 491401.

581401 = 300² + 701²

ಒಂದು ಸಿಕ್ಕಿತು. ನಿಲ್ಲಿಸಬೇಡಿ, ಎರಡು ಬೇಕು. 360, 420, 480, 540, 600, 660 ಆರೂ ಖಾಲಿ. ಕೊನೆಯದು 720. ವರ್ಗ 518400, ಉಳಿದದ್ದು 63001, ಅದು 251ರ ವರ್ಗ.

581401 = 720² + 251²

ಈಗ ಬೆಸಗಳನ್ನು ಒಂದು ಕಡೆ ಇಡಿ, 701 ಮತ್ತು 251. ವ್ಯತ್ಯಾಸ 450. ಸಮಗಳನ್ನು ಇನ್ನೊಂದು ಕಡೆ, 720 ಮತ್ತು 300. ವ್ಯತ್ಯಾಸ 420. ಈ 450 ಮತ್ತು 420ರ ಮ.ಸಾ.ಅ., ಅಂದರೆ ಎರಡನ್ನೂ ಭಾಗಿಸುವ ಅತಿ ದೊಡ್ಡ ಸಂಖ್ಯೆ, 30. ಅದರಿಂದ ಭಾಗಿಸಿದರೆ 15 ಮತ್ತು 14. ಇವುಗಳ ವರ್ಗ ಕೂಡಿ:

225 + 196 = 421

ಬಂತು ನೋಡಿ. ಅದೇ 421, ಆದರೆ 82 ಭಾಗಾಕಾರದ ಬದಲು ಹನ್ನೆರಡು ವ್ಯವಕಲನದಲ್ಲಿ. ವ್ಯತ್ಯಾಸದ ಬದಲು ಮೊತ್ತ ತೆಗೆದರೆ ಇನ್ನೊಂದು ಅಪವರ್ತನವೂ ಬರುತ್ತದೆ: 701 + 251 = 952, 720 + 300 = 1020, ಮ.ಸಾ.ಅ. 68. ಎರಡು ಮ.ಸಾ.ಅ.ಗಳನ್ನೂ ಅರ್ಧ ಮಾಡಿ, 15 ಮತ್ತು 34. ವರ್ಗಗಳ ಮೊತ್ತ 225 + 1156 = 1381.

421 ಮತ್ತು 1381 ತಾವೇ ಎರಡು ವರ್ಗಗಳ ಮೊತ್ತ, ಎರಡರಲ್ಲೂ 15 ಇದೆ. ಅಂಥ ಎರಡು ಸಂಖ್ಯೆಗಳನ್ನು ಗುಣಿಸಿದರೆ ಬರುವುದೂ ಎರಡು ವರ್ಗಗಳ ಮೊತ್ತವೇ. ಬ್ರಹ್ಮಗುಪ್ತ 628ರಲ್ಲಿ ಈ ನಿಯಮದ ಇದಕ್ಕಿಂತ ವಿಶಾಲವಾದ ರೂಪವನ್ನೇ ಕೊಟ್ಟಿದ್ದಾನೆ. ಆಯ್ಲರ್ ಮಾಡಿದ್ದು ಅದನ್ನೇ ಹಿಂದುಮುಂದಾಗಿ ಓದಿದ್ದು ಎನ್ನಬಹುದು.

ಇಲ್ಲಿನ ದೊಡ್ಡ ಹಳ್ಳ: ಈ ಉಪಾಯ ಎಲ್ಲ ಸಂಖ್ಯೆಗೂ ನಡೆಯುವುದಿಲ್ಲ. 4ರಿಂದ ಭಾಗಿಸಿದರೆ 3 ಉಳಿಯುವ ಸಂಖ್ಯೆ ಎರಡು ವರ್ಗಗಳ ಮೊತ್ತ ಆಗುವುದೇ ಇಲ್ಲ. ಕುಮಟಾದ 581343 ಅಂಥದ್ದು, ಅಲ್ಲಿ ಹುಡುಕಿದರೆ ರಾತ್ರಿಯಾದರೂ ಸಿಗದು. ಹಾಗೆಂದು ಶೇಷ 1 ಉಳಿದರೆ ಸಿಕ್ಕೇ ಸಿಗುತ್ತದೆ ಎಂದೂ ಅಲ್ಲ. ಕಾರವಾರದ 581301ಕ್ಕೆ 4ರಲ್ಲಿ ಶೇಷ 1. ಆದರೂ ಆಗದು, ಯಾಕೆಂದರೆ ಅದರೊಳಗೆ 7 ಒಂದೇ ಒಂದು ಸಲ ಕೂತಿದೆ. 3, 7, 11ರಂಥ, 4ರಲ್ಲಿ ಶೇಷ 3 ಉಳಿಸುವ ಅವಿಭಾಜ್ಯಗಳು ಜೋಡಿಯಾಗಿಯೇ ಇರಬೇಕು. ಒಂಟಿಯಾಗಿದ್ದರೆ ಕೆಲಸ ಕೆಡುತ್ತದೆ.

ಗಣಿತಜ್ಞ ಫರ್ಮಾ ತೋರಿಸಿದ ಇನ್ನೊಂದು ದಾರಿಯ ಬಗ್ಗೆಯೂ ಕೆಲವರು ಕೇಳಿದ್ದಾರೆ: ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯುವುದು. 763ರಿಂದ ಶುರುಮಾಡಿ ಒಂದೊಂದೇ ಏರುತ್ತ ಹೋದರೆ 901² − 480² ಸಿಗುತ್ತದೆ. 139ನೆಯ ಪ್ರಯತ್ನದಲ್ಲಿ. ಎರಡು ಅಪವರ್ತನ ಹತ್ತಿರ ಹತ್ತಿರ ಇದ್ದಾಗ ಮಾತ್ರ ಆ ದಾರಿ ಹಿಡಿಯಿರಿ.

ಹಂತ 6: ಒಡೆದ ಮೇಲೆ ಒಳಗೆ ಏನೇನಿದೆ?

421 × 1381 ಗೊತ್ತಾದ ಮೇಲೆ ಉಳಿದದ್ದು ಬೇಗ ಬೇಗ ಬರುತ್ತದೆ.

ಇದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ನಾಲ್ಕೇ: 1, 421, 1381, 581401. ನಾಲ್ಕರ ಮೊತ್ತ 422 × 1382 = 583204. ಇದಕ್ಕಿಂತ ಚಿಕ್ಕದಾಗಿದ್ದು ಇದರೊಡನೆ 1ರ ಹೊರತು ಬೇರೆ ಸಾಮಾನ್ಯ ಅಪವರ್ತನವಿಲ್ಲದ ಸಂಖ್ಯೆಗಳು 420 × 1380 = 579600.

ಮೆಟ್ಟಿಲಿನಂತೆ ಪೇರಿಸಲು, ಅಂದರೆ ಒಂದರ ನಂತರ ಒಂದು ಬರುವ ಸಂಖ್ಯೆಗಳ ಮೊತ್ತವಾಗಿ ಬರೆಯಲು, ಮೂರೇ ದಾರಿ. 290700 + 290701 ಒಂದು. 1171ರಿಂದ 1591ರವರೆಗೆ ಎರಡನೆಯದು, 421 ಸಾಲು, ನಡುವಿನದು 1381. ಮೂರನೆಯದು 270ರಿಂದ 1111ರವರೆಗೆ, 842 ಸಾಲು. ಮೂರನೆಯದು ಎಲ್ಲಿಂದ ಬಂತು ಎಂದು ಕೇಳುವವರಿಗೆ: 421ನ್ನು ನಡುವೆ ಇಟ್ಟು 1381 ಸಾಲು ಮಾಡಲು ಹೋದರೆ −269ರಿಂದ ಶುರುವಾಗಬೇಕಾಗುತ್ತದೆ. ಋಣಸಂಖ್ಯೆಗಳೂ ಅವುಗಳ ಧನಜೋಡಿಗಳೂ ಪರಸ್ಪರ ಹೊಡೆದುಕೊಂಡು 270ರಿಂದ ಮುಂದಿನದಷ್ಟೇ ಉಳಿಯುತ್ತದೆ.

ಇನ್ನೊಂದು ತೋರಿಸದೆ ಬಿಡಲಾರೆ. 300 ಮತ್ತು 701ರಿಂದ ಒಂದು ಲಂಬಕೋನ ತ್ರಿಭುಜ ಕಟ್ಟಬಹುದು. ಒಂದು ಬದಿ ಅವುಗಳ ವರ್ಗಗಳ ವ್ಯತ್ಯಾಸ, 491401 − 90000 = 401401. ಇನ್ನೊಂದು ಬದಿ ಅವುಗಳ ಗುಣಲಬ್ಧದ ಎರಡು ಪಟ್ಟು, 420600. ವಿಕರ್ಣ ನಮ್ಮ ಶಿರಸಿ.

401401² + 420600² = 581401²

401401 ಮತ್ತು 581401, ಬಾಲ ಎರಡಕ್ಕೂ ಒಂದೇ. ಕಾಕತಾಳೀಯ ಅಲ್ಲ: 491401ರಿಂದ 90000 ಕಳೆದರೂ, ಅದಕ್ಕೆ 90000 ಕೂಡಿದರೂ ಕೊನೆಯ 1401 ಅಲುಗುವುದಿಲ್ಲ. ಅಂಗಡಿಯ ಎಂಟಂಕಿ ಕ್ಯಾಲ್ಕುಲೇಟರಿನಲ್ಲಿ ಇದನ್ನು ತಾಳೆ ನೋಡಲು ಹೋಗಬೇಡಿ, ಪರದೆ ಸಾಲದೆ ತಪ್ಪು ತೋರಿಸುತ್ತದೆ. ಕೈಯಲ್ಲೇ ಗುಣಿಸಿ.

ಹಂತ 7: ಶೇಷದ ಪಟ್ಟಿ ಎಸೆಯಬೇಡಿ

ನಾಲ್ಕನೇ ಹಂತದಲ್ಲಿ ಶೇಷಗಳನ್ನು ಬರೆದಿಡಿ ಎಂದದ್ದು ಇದಕ್ಕೆ. ಜಿಲ್ಲೆಯ ಪಿನ್‌ಗಳೆಲ್ಲ ಅಕ್ಕಪಕ್ಕದ ಸಂಖ್ಯೆಗಳು. ಶಿರಸಿಗೆ ಒಮ್ಮೆ ಬೆವರು ಸುರಿಸಿದರೆ ಉಳಿದ ಊರುಗಳಿಗೆ ಭಾಗಾಕಾರವೇ ಬೇಡ.

ಯಲ್ಲಾಪುರ ತಗೊಳ್ಳಿ, 581359. ಶಿರಸಿಗಿಂತ 42 ಕಡಿಮೆ. ನಿಮ್ಮ ಪಟ್ಟಿಯಲ್ಲಿ 67ರ ಮುಂದೆ ಏನಿದೆ? 42. ಅಂದರೆ ಶಿರಸಿಯಿಂದ 42 ತೆಗೆದರೆ 67ರಿಂದ ಸರಿಯಾಗಿ ಭಾಗವಾಗುತ್ತದೆ. ಯಲ್ಲಾಪುರ = 67 × 8677, ಎರಡೂ ಅವಿಭಾಜ್ಯ.

ಕುಮಟಾ 581343, ವ್ಯತ್ಯಾಸ 58. ಈಗ 58ನ್ನು ಪಟ್ಟಿಯ ಒಂದೊಂದು ಅವಿಭಾಜ್ಯದಿಂದ ಭಾಗಿಸಿ, ಶೇಷ ಹೊಂದುತ್ತದೆಯೇ ನೋಡಿ. 58ನ್ನು 7ರಿಂದ ಭಾಗಿಸಿದರೆ 2, ಪಟ್ಟಿಯಲ್ಲೂ 2. 19ರಿಂದ 1, ಪಟ್ಟಿಯಲ್ಲೂ 1. 31ರಿಂದ 27, ಪಟ್ಟಿಯಲ್ಲೂ 27. 47ರಿಂದ 11, ಪಟ್ಟಿಯಲ್ಲೂ 11. ಜೊತೆಗೆ ಅಂಕಿಗಳ ಮೊತ್ತ 24 ಆದ್ದರಿಂದ 3. ಕೂಡಿದರೆ

581343 = 3 × 7 × 19 × 31 × 47

ಐದು ಬೇರೆ ಬೇರೆ ಅವಿಭಾಜ್ಯ. ಶಿರಸಿ ಎಷ್ಟು ಬಿಗಿಯೋ ಕುಮಟಾ ಅಷ್ಟು ಸಡಿಲ.

ಹೊನ್ನಾವರ 581334, ವ್ಯತ್ಯಾಸ 67. 13ಕ್ಕೆ 2, 29ಕ್ಕೆ 9, ಎರಡೂ ಹೊಂದುತ್ತವೆ. ಪಟ್ಟಿಯನ್ನು ಮುಂದೆ ಬರೆದಿದ್ದರೆ 257ರ ಎದುರು 67 ಎಂದೇ ಕಾಣುತ್ತದೆ. 2 ಮತ್ತು 3 ಕಣ್ಣಿಗೇ ಗೊತ್ತು. 2 × 3 × 13 × 29 × 257. ಕಾರವಾರದ್ದು 3 × 3 × 7 × 9227, ಆ 9227 ಅವಿಭಾಜ್ಯ ಎಂದು ತೋರಿಸಲು 96ರವರೆಗೆ ಹೋಗಬೇಕು, ವ್ಯತ್ಯಾಸ 100 ಹಿಡಿದು ನೀವೇ ಮಾಡಿ.

ಗಮನಿಸಬೇಕಾದದ್ದು: ಒಂದು ಶೇಷ ತಪ್ಪಾಗಿ ಬರೆದಿದ್ದರೆ ಅದು ಇಲ್ಲಿ ಎಲ್ಲ ಊರಿಗೂ ಹರಡುತ್ತದೆ. ಹೊಂದಾಣಿಕೆ ಸಿಕ್ಕಾಗಲೆಲ್ಲ ಒಮ್ಮೆ ಗುಣಿಸಿ ತಾಳೆ ನೋಡಿ.

ದಾಂಡೇಲಿಯ 581325ನ್ನು ನಿಮಗೆ ಬಿಟ್ಟಿದ್ದೇನೆ. ವ್ಯತ್ಯಾಸ 76. 3 ಮತ್ತು 5 ಸುಲಭ, 5 ಎರಡು ಸಲ ಇದೆ. ಮೂರನೆಯದು ಮೇಲೆ ಕೊಟ್ಟ ಪಟ್ಟಿಯಲ್ಲೇ ಇದೆ. ನಾಲ್ಕನೆಯದಕ್ಕೆ 330 ದಾಟಿದ ಮೇಲೆ, ಎದುರಿಗೆ ಸರಿಯಾಗಿ 76 ಎಂದು ಬರೆದಿರುವ ಸಾಲು ಹುಡುಕಿ.